ಗೋಡಿ ಮ್ಯಾಲಿನ ಸವತಿ ಬೀಜ

ಬ್ಯಾಸಗಿ ನಡುವ ಹಿತ್ತಲದಾಗ ಏನ ಕೆಲಸ ಇರತೈತಿ ಅಂತ ಕೇಳುವವರು ಹಿತ್ತಲ ಮಾಡಿದವರಲ್ಲ. ಮಳಿಗಾಲದಾಗ ಗಿಡ ತಾವಾಗೇ ಬೆಳೀತಾವ. ಚಳಿಗಾಲದಾಗ ಹರಕೊಂಡು ತಿನ್ನೂದು, ಮುಡಿಯೂದು. ಕೆಲಸ ಅಂದ್ರ ಯುಗಾದಿ ಮುಗಿದ ಮ್ಯಾಲಿಂದ ರೋಹಿಣಿ ಮಳಿ ಬೀಳೂತನಕ. ಆಗ ಬೆಳಸೂದು ಏನೂ ಇಲ್ಲ. ಇದ್ದದ್ದು ಸಾಯದಂಗ ನೋಡೂದು ಅಷ್ಟ.

ನಮ್ಮ ಮನಿ ಬನಹಟ್ಟಿಯ ನೇಕಾರ ಓಣ್ಯಾಗ ಐತಿ. ಹಿತ್ತಲ ದೊಡ್ಡದಲ್ಲ, ನಾಕ ಸೀರಿ ಒಣಗ ಹಾಕಿದ್ರ ತುಂಬತೈತಿ. ಒಂದ ಕಡೆ ಬಾಜೂ ಮನಿಯವರ ಪವರ್‌ಲೂಮ್ ಶೆಡ್ಡಿನ ಗೋಡಿ. ಕರೆಂಟ್ ಇದ್ದಷ್ಟು ಹೊತ್ತು ಆ ಗೋಡಿ ಸಣ್ಣಗ ನಡಗತಿರತೈತಿ. ಕೈ ಇಟ್ಟರ ಗೊತ್ತಾಗತೈತಿ, ಜ್ವರ ಬಂದವರ ಮೈ ಮುಟ್ಟಿದಂಗ. ಹೊಸಬರು ಬಂದ್ರ ಆ ಸಪ್ಪಳಕ್ಕ ತಲಿ ಹಿಡಕೋತಾರ. ನನಗ ಸಪ್ಪಳ ನಿಂತರ ನಿದ್ದಿಗೆಡತೈತಿ. ಗಿಡಕ್ಕೂ ಹಂಗ ಇರಬೇಕು, ಮಲ್ಲಿಗಿ ಬಳ್ಳಿ ಆ ಗೋಡೀಗೆ ಹತ್ತಿದ್ದೇ ಛಲೋ ಹೂ ಬಿಡತೈತಿ.

ಬ್ಯಾಸಗ್ಯಾಗ ನಾ ಸೂರ್ಯ ಹುಟ್ಟುಕಿಂತ ಮೊದಲ ನೀರ ಹಾಕತೀನಿ. ಬಿಸಲ ಏರಿದ ಮ್ಯಾಲೆ ಹಾಕಿದ ನೀರು ಬೇರ ಬೇಯಸ್ತೈತಿ. ನಳದ ನೀರು ದಿನಾ ಬರೂದಿಲ್ಲ. ಬಂದ ದಿನ ಕೊಡ, ಬಕೀಟ, ಹಂಡೆ ಎಲ್ಲಾ ತುಂಬಿಟ್ಟಿರತೀವಿ. ಬರದ ದಿನ ಅಕ್ಕಿ ತೊಳದ ನೀರು, ಬ್ಯಾಳಿ ತೊಳದ ನೀರು, ಸೋಪ ಹಾಕಲಾರದ ಮುಸರಿ ನೀರು ಗಿಡಕ್ಕ. ಬದನಿ ಗಿಡ ಮುದುಕ ಆಗಿದ್ರ ಮೊಣಕಾಲಿನ ಮಟ್ಟಕ್ಕ ಕಡದು ಬಿಡೂದು, ಮಳಿ ಬಂದ್ರ ಮತ್ತ ಚಿಗರತೈತಿ. ಅಬ್ಬಲಿಗಿಗೆ ಹಳೇ ಸೀರಿ ಕಟ್ಟಿ ನೆರಳ ಮಾಡೂದು. ನೇಕಾರರ ಮನ್ಯಾಗ ಹಳೇ ಸೀರಿಗೆ ಬರಗಾಲಿಲ್ಲ. ಬುಡಕ್ಕೆಲ್ಲಾ ರವದಿ ಹಾಸೂದು. ರವದಿ ಅಂದ್ರ ಕಬ್ಬ ಕಡದ ಮ್ಯಾಲೆ ಹೊಲದಾಗ ಬಿದ್ದಿರತೈತೆಲ್ಲ, ಆ ಒಣ ಎಲಿ. ಹೊಲದವರು ಅದಕ್ಕ ಬೆಂಕಿ ಹಚ್ಚತಾರ. ನಾ ಗಾಡಿಯವಗ ಹೇಳಿ ಎರಡ ಹೊರಿ ಇಳಸಿಕೋತೀನಿ. ದಪ್ಪಗ ಹಾಸಿದ್ರ ಹಾಕಿದ ನೀರು ಸಂಜೀತನಕ ನೆಲದಾಗ ಇರತೈತಿ. ಬಳ್ಳಿ ಬುಡಕ್ಕ ಮಾತ್ರ ಬ್ಯಾರೆ ಪದ್ಧತಿ. ತಳದಾಗ ತೂತ ಇರೋ ಗಡಗಿ ಹುಗದು, ತೂತಿನ್ಯಾಗ ಮಗ್ಗದ ಕಸದ ನೂಲು ಹೊಸದು ಬತ್ತಿ ಮಾಡಿ ತುರುಕಿ, ನೀರು ತುಂಬಿ ಮುಚ್ಚಿಬಿಟ್ಟರ ತೊಟ್ಟತೊಟ್ಟ ಇಳೀತಿರತೈತಿ. ಇದನ್ನ ನನಗ ಯಾರೂ ಸಾಲ್ಯಾಗ ಕಲಿಸಿಲ್ಲ. ನಾ ಸಾಲಿಗೆ ಹೋಗಿದ್ದೇ ಮೂರನೇತ್ತಾತನಕ.

ಇಷ್ಟೆಲ್ಲಾ ಯಾಕ ಹೇಳಿದ್ನೆಂದ್ರ, ಹೋದ ವರ್ಷ ಬ್ಯಾಸಗ್ಯಾಗ ನಾ ಇದನ್ನೆಲ್ಲಾ ಒಂದ ಸವತಿಕಾಯಿ ಬಳ್ಳಿ ಸಲುವಾಗಿ ಮಾಡಿದ್ದೆ. ಉಳದ ಗಿಡ ಸತ್ತರ ಸಾಯಲಿ, ಇದೊಂದು ಉಳೀಬೇಕು ಅಂತ.

ಆ ಸವತಿ ನಮ್ಮವ್ವನ ಮನೀದು. ಬೀಳಗಿ ಕಡೆ, ಹೊಳಿ ದಂಡ್ಯಾಗ ನಮ್ಮ ಊರು. ಕಾಯಿ ಉದ್ದ ಇರೂದಿಲ್ಲ, ಗಿಡ್ಡಕ, ಹೊಟ್ಟಿ ಬಂದವರಂಗ. ಮೈಮ್ಯಾಲೆ ಬಿಳೀ ಹಸರ ಗೀರು. ನೋಡಾಕ ಏನೂ ಚಂದಿಲ್ಲ. ಸಂತ್ಯಾಗ ಇಟ್ಟರ ಯಾರೂ ಮೂಸಿ ನೋಡೂದಿಲ್ಲ. ಆದ್ರ ಬ್ಯಾಸಗಿ ಬಿಸಲಿಗೆ ಉಳದ ಸವತಿ ಎಲ್ಲಾ ಕಹಿ ಆಗತಾವ, ತೊಟ್ಟ ಕೊಯ್ದು, ಕೊಯ್ದ ತುಂಡಿಲೇ ತಿಕ್ಕಿ ನೊರಿ ತಗದು ತಿನಬೇಕು. ಇದಕ್ಕ ತಿಕ್ಕೂದು ಬ್ಯಾಡ. ಎಂಥಾ ಬಿಸಲ ಇರಲಿ, ತೊಟ್ಟಿನ ಕಡೆಯಿಂದ ಕಡದು ತಿಂದರೂ ಸೀ. ರೊಟ್ಟಿ, ಖಾರಬ್ಯಾಳಿ, ಬಾಜೂಕ ಈ ಸವತಿ ಹೋಳಿದ್ರ ಮತ್ತೇನೂ ಬ್ಯಾಡ ಅನಸತಿತ್ತು.

ನಮ್ಮವ್ವ ಅಕ್ಕನ ಲಗ್ನದಾಗ ಬೀಜ ಸೆರಗಿಗೆ ಕಟ್ಟಿ ಕಳಿಸಿದ್ದಳು. ಅಕ್ಕನ ಕೊಟ್ಟಿದ್ದು ಲೋಕಾಪುರಕ್ಕ. ನನ್ನ ಲಗ್ನ ಆದ ವರ್ಷ ಸವತಿಗೆ ರೋಗ ಬಿದ್ದು ಅವ್ವನ ಹತ್ತರ ಬೀಜ ಇರಲಿಲ್ಲ. ನನಗ ಅಕ್ಕ ಕೊಟ್ಟಳು. ಆಮ್ಯಾಲಿಂದ ಪ್ರತಿ ವರ್ಷ ಆಕಿ ಹಿತ್ತಲದ್ದು ನನಗ, ನನ್ನ ಹಿತ್ತಲದ್ದು ಆಕಿಗೆ, ಒಂದ ಹಿಡಿ ಬೀಜ ಹೋಗಿ ಬಂದ ಮಾಡೂದು. ಬೀಜ ಒಂದ ಮನ್ಯಾಗ ಬಾಳ ವರ್ಷ ಕುಂತರ ಸೊರಗತೈತಿ ಅಂತಿದ್ದಳು ಅವ್ವ. ಖರೇನೋ ಸುಳ್ಳೋ ಗೊತ್ತಿಲ್ಲ. ಬೀಜದ ನೆಪದಿಂದ ಅಕ್ಕತಂಗೀರು ವರ್ಷಕ್ಕೊಮ್ಮೆ ಮಾರಿ ನೋಡತಿದ್ದಿವಿ, ಅದು ಖರೆ.

ನಮ್ಮ ಮನಿಯವರು ಇದ್ದಾಗ ಚಾಷ್ಟಿ ಮಾಡತಿದ್ದರು: "ಉಳದ ಹೆಣ್ಣಮಕ್ಕಳು ಸವತಿ ಅಂದ್ರ ಜಡಿ ಹಿಡದು ಬಡದಾಡತಾರ, ನೀವಿಬ್ಬರು ನೋಡಿದ್ರ ಸವತಿ ಸಲುವಾಗಿ ಬಸ್ ಹತ್ತಿ ಬರತೀರಿ."

ಬೀಜ ಇಡೂ ಪದ್ಧತಿ ಹೇಳಬೇಕು, ಇಲ್ಲಂದ್ರ ಮುಂದಿನದು ತಿಳಿಯೂದಿಲ್ಲ. ಬಳ್ಳ್ಯಾಗ ಛಲೋ ಬಂದ ಕಾಯಿ ಒಂದು ಹರೀಲಾರದಂಗ ಬಿಡೂದು. ಅದು ಹಣ್ಣಾಗಿ, ಹಳದಿ ಆಗಿ, ಸಿಪ್ಪಿ ಸೀಳೂತನಕ ಬಿಡಬೇಕು. ಆಮ್ಯಾಲೆ ಒಳಗಿನ ಬೀಜ ತಿರಳಿನ ಸಂಗತೀನ ತಗದು, ಹಸೀ ಸಗಣಿಯಾಗ ಬೂದಿ ಕಲಿಸಿ, ಅದರಾಗ ಬೀಜ ಹಾಕಿ ನಾದಿ, ಕುಳ್ಳ ತಟ್ಟಿದಂಗ ಗೋಡೀಗೆ ತಟ್ಟೂದು. ಅಲ್ಲೇ ಒಣಗತೈತಿ. ಸಗಣಿ ಒಳಗಿನ ಬೀಜಕ್ಕ ಹುಳ ಹತ್ತೂದಿಲ್ಲ, ಇಲಿ ಮುಟ್ಟೂದಿಲ್ಲ. ಬಿತ್ತೂ ಹೊತ್ತಿಗೆ ಮುರದು ನೀರಾಗ ನೆನಿ ಹಾಕಿದ್ರ ಬೀಜ ಬಿಡತಾವ.

ನಮ್ಮವ್ವಂದು ಇದಕ್ಕ ಇನ್ನೊಂದ ಕಟ್ಟಳಿ ಇತ್ತು. ಬೀಜ ಎಲ್ಲಿಟ್ಟೀವಿ ಅಂತ ಬಾಯಿ ಬಿಟ್ಟು ಯಾರಿಗೂ ಹೇಳಬಾರದು. ಗಂಡಗೂ ಇಲ್ಲ, ಮಕ್ಕಳಿಗೂ ಇಲ್ಲ. ನಾಲಿಗಿಗೆ ಬಂದ ಬೀಜ ಮೊಳಕಿಗೆ ಬರೂದಿಲ್ಲ ಅಂತಿದ್ದಳು. ದೃಷ್ಟಿ ಆಗತೈತಿ ಅಂತ ನಾವು ತಿಳಕೊಂಡಿದ್ದಿವಿ. ಈಗ ಅನಸತೈತಿ, ಖರೆ ಕಾರಣ ಕಳ್ಳತನ ಇರಬೇಕು. ಆಗಿನ ಕಾಲದಾಗ ಓಣಿ ಹೆಂಗಸರು ಹಿಟ್ಟ ಬೇಡಾಕ ಬಂದು ಬೀಜದ ಕುಳ್ಳ ಎತ್ತಿಕೊಂಡು ಹೋಗತಿದ್ದರು. ಅಕ್ಕ, ನಾನು ಇಬ್ಬರೂ ಈ ಕಟ್ಟಳಿ ಮೀರಲಿಲ್ಲ. ನೂರ ಸಣ್ಣ ಸಣ್ಣ ಮಾತು ಮಂದಿಗೆ ಹೇಳೀವಿ, ಹೇಳಬಾರದ್ದೂ ಹೇಳೀವಿ. ಇದೊಂದು ಹೇಳಲಿಲ್ಲ.

ಲೋಕಾಪುರದಾಗ ರಸ್ತಾ ಅಗಲ ಮಾಡಿದಾಗ ಅಕ್ಕನ ಮನಿ ಮುಂದಿನ ಅರ್ಧ ಹೋತು. ಉಳದ ಜಾಗಾದಾಗ ಮನಿ ಕಟ್ಟಬೇಕಾದ್ರ ಹಿತ್ತಲದಾಗ ಕಟ್ಟಬೇಕು. ಅದರ ಬದಲಿ ಅಕ್ಕನ ಮಗ ಮುಧೋಳದಾಗ ಹೊಸಾ ಪ್ಲಾಟಿನ್ಯಾಗ ಮನಿ ಮಾಡಿದ. ಸಾಮಾನ ಸಾಗಿಸುವಾಗ ಅಟ್ಟದ ಮ್ಯಾಲೆ ಒಂದ ಬೂದಿ ಗಡಗಿ ಇತ್ತಂತ. ಅಕ್ಕ ಆ ವರ್ಷ ಕುಳ್ಳ ಮುರದು ಬೀಜ ಬೂದ್ಯಾಗ ಹಾಕಿಟ್ಟಿದ್ದಳು. ಮಗ ನೋಡಿ, ಬೂದಿ ಯಾರರ ಹೊತಗೊಂಡು ಹೋಗತಾರೇನು ಅಂತ ತಿಪ್ಪಿಗೆ ಚೆಲ್ಲಿದ. ಅಕ್ಕ ಟೆಂಪೋದಾಗ ಮುಂದ ಕುಂತಿದ್ದಳು. ಮುಧೋಳದಾಗ ಸಾಮಾನ ಇಳಿಸಿದ ಮ್ಯಾಲೆ ಗೊತ್ತಾತು.

ನನಗ ಫೋನ್ ಮಾಡಿ ಅಂದಳು, "ಹೋಗಲಿ ಬಿಡಬೇ. ನಿನ್ನ ಹತ್ತರ ಐತೆಲ್ಲ, ನನಗೇನ ಚಿಂತಿ?"

ನನ್ನ ಹತ್ತರ ಇದ್ದದ್ದು ಹಳೇ ಬೀಜ. ಸಂಕ್ರಮಣ ಆದ ಮ್ಯಾಲೆ ಇದ್ದಷ್ಟೂ ಹಾಕಿದೆ. ಬಾಳಷ್ಟು ಹುಟ್ಟಲೇ ಇಲ್ಲ. ಮೂರ ಹುಟ್ಟಿದ್ವು. ಒಂದನ್ನ ಅಳಿಲ ಕಡೀತು. ಒಂದು ತಾನಾಗೇ ಬಾಡಿತು. ಉಳದದ್ದು ಒಂದು. ಅದಕ್ಕ ಗಡಗಿ ಹುಗದೆ, ರವದಿ ಹಾಸಿದೆ, ಸೀರಿ ಕಟ್ಟಿದೆ, ಎಲೀಗೆ ಹುಳ ಬಿದ್ದಾಗ ಹುಳೀ ಮಜ್ಜಿಗಿ ಹೊಡದೆ. ಅಕ್ಕ ಎರಡ ದಿನಕ್ಕೊಮ್ಮೆ ಫೋನ್ ಮಾಡತಿದ್ದಳು.

"ಏನಬೇ, ಕಣ್ಣ ಬಿಟ್ಟೈತೇನು?"

"ಹೀಚ ಹಿಡದೈತಿ."

"ಎಷ್ಟ?"

"ಎಣಸಬಾರದಕ್ಕಾ."

"ಎಣಸಿರತಿ ಬಿಡು, ನನಗ ಗೊತ್ತಿಲ್ಲೇನು ನಿನ್ನ ಸ್ವಭಾವ! ಒಂದೂ ತಿನ್ನಬ್ಯಾಡ ನೋಡಲೇ, ಮೊದಲ ಬೀಜಕ್ಕ ಬಿಡು."

"ಬಿಟ್ಟೀನಿ. ಬುಡದ ಕಡೇದು, ಛಲೋದು."

"ನಾ ಇಲ್ಲಿ ನೆಲಾ ಅಗಸೀನಿ. ಗರಸ ಮಣ್ಣ ಐತಿ, ಮೂರ ಬುಟ್ಟಿ ಗೊಬ್ಬರ ಹಾಕಿಸೀನಿ. ಹಂದರಕ್ಕ ಜಾಲಿ ಗೂಟ ತರಸೀನಿ. ಮಗ ಅಂತಾನ, ಅವ್ವಾ, ಇನ್ನೂ ಬೀಜ ಇಲ್ಲ, ಹಂದರ ಹಾಕಾಕತ್ತೀಯಲ್ಲ. ಹಂದರ ಇದ್ದ ಮನಿಗೆ ಬಳ್ಳಿ ಬರತೈತೋ ಅಂದೆ."

ಹೊಸಾ ಮನ್ಯಾಗ ಆಕಿಗೆ ಯಾವುದೂ ತನ್ನದು ಅನಸತಿರಲಿಲ್ಲ. ಬಾಯಿ ಬಿಟ್ಟು ಹೇಳಲಿಲ್ಲ. ಆದ್ರ ಅಡಿಗಿ ಮನಿ ಸೊಸೀದು, ದೇವರ ಮನಿ ಗೋಡ್ಯಾಗ ಕಪಾಟ, ಓಣ್ಯಾಗ ಗುರುತಿನವರು ಯಾರೂ ಇಲ್ಲ. ಆ ನಾಕ ಮೊಳ ನೆಲ ಒಂದು ಆಕೀದು. ಅದರಾಗ ಅವ್ವನ ಸವತಿ ಹಬ್ಬಿದ್ರ ಮನಿ ಆಕೀದು ಆದಂಗ. ಇಷ್ಟ ನನಗ ತಿಳೀತಿತ್ತು.

ಬೀಜದ ಕಾಯಿ ಹಣ್ಣಾಗೂ ಹೊತ್ತಿಗೆ ನನ್ನ ಮಗಳು ಹಡದಳು. ಎರಡನೇದು, ಹೆಣ್ಣು. ಜಮಖಂಡಿ ದವಾಖಾನಿಯಿಂದ ಸೀದಾ ನಮ್ಮ ಮನಿಗೆ ಕರಕೊಂಡ ಬಂದ್ವಿ. ಬಾಣಂತನ ಅಂದ ಮ್ಯಾಲೆ ನನ್ನ ಕಾರಭಾರ. ನನ್ನ ಸೊಸಿ ಒಳ್ಳೇಕಿ, ಕೆಲಸಕ್ಕ ಹಿಂದ ಸರಿಯೂದಿಲ್ಲ. ಆದ್ರ ಆಕಿಗೂ ನನಗೂ ನೀರಿನ ಸಲುವಾಗಿ ಮಾತಾತು.

"ಅತ್ತೀ, ಗೀಜರ್ ಐತೆಲ್ರಿ. ಇಂಥಾ ಬಿಸಲಾಗ ಒಲಿ ಯಾಕ್ರಿ? ಬಚ್ಚಲಾಗ ನಿಂತರ ನಾನ ಬೇಯಾಕತ್ತೇನಿ."

"ಗೀಜರ್ ನೀರಿಗೆ ಹೊಗಿ ಇರತೈತೇನು?"

"ಹೊಗಿ ಯಾಕ ಬೇಕ್ರಿ?"

"ನಿನ್ನ ಗಂಡನ್ನ ಹೊಗ್ಯಾಗ ಬೆಳಸೀನಿ. ಏನ ಕಡಿಮಿ ಆಗೈತಿ ಆತಗ?"

ಮಂಚದ ಮ್ಯಾಲಿಂದ ಮಗಳು ಅಂದಳು, "ವೈನೀ, ಅದಕ್ಕ ನಮ್ಮಣ್ಣನ ಬಣ್ಣ ಹಂಗೈತಿ." ಇಬ್ಬರೂ ನಕ್ಕರು. ನಾ ನಗಲಿಲ್ಲ. ಹಂಡೇದಾಗ ಕಾಸಿದ ನೀರ ಬೇಕು, ಕೆಳಗ ಕುಳ್ಳಿನ ಬೆಂಕಿ ಬೇಕು, ಮಗೂಗ ಎರದ ಮ್ಯಾಲೆ ಕೆಂಡದ ಮ್ಯಾಲೆ ಲೋಬಾನ ಹಾಕಿ ಹೊಗಿ ಹಿಡೀಬೇಕು ಅಂತ ಹಟಾ ಹಿಡದೆ. ಅದು ನನ್ನ ಹಟಾ.

ಆದ್ರ ಕುಳ್ಳ ಎಲ್ಲಿಂದ ತರೂದು? ಮೊದಲ ಓಣ್ಯಾಗ ಎಮ್ಮಿ ಇದ್ದವರು ಕೊಡತಿದ್ದರು. ಅವರು ಎಮ್ಮಿ ಮಾರಿದ್ದರು. ನಾ ಊರ ಹೊರಗಿನ ಗವಳಿಗರ ಮನಿಯಿಂದ ಸಗಣಿ ತರಿಸಿ, ಪವರ್‌ಲೂಮ್ ಗೋಡೀಗೆ ನಾನ ತಟ್ಟಿದೆ. ಅದ ಹೊತ್ತಿಗೆ ಸವತಿ ಹಣ್ಣಾಗಿತ್ತು. ಬೀಜದ್ದೂ ಒಂದು, ಅವುಗಳ ನಡುವ ತಟ್ಟಿದೆ. ನಡುವ ಯಾಕಂದ್ರ, ಬ್ಯಾರೆ ತಟ್ಟಿದ್ರ ಎದ್ದು ಕಾಣತೈತಿ. ಅವ್ವ ಹಂಗ ಮಾಡತಿದ್ದಳು. ಗುರುತಿಗೆ ಒಂದ ಅಂಚಿಗೆ ಹೆಬ್ಬಟ್ಟ ಒತ್ತಿದೆ.

ತೊಟ್ಟಿಲ ಕಾರ್ಯಕ್ಕ ಅಕ್ಕ ಬರೂದಿತ್ತು. ಆಗ ಆಕಿ ಚೀಲದಾಗ ಹಾಕಿ ಕಳಸೂದು ಅಂತ ಇಟ್ಟಿದ್ದೆ. ಬಿಸಲ ಹೆಂಗಿತ್ತಂದ್ರ, ಅಷ್ಟರಾಗ ಕುಳ್ಳ ಕಲ್ಲಿನಂಗ ಒಣಗಿತ್ತು.

ತೊಟ್ಟಿಲು ಇನ್ನೆರಡ ದಿನ ಐತಿ ಅನ್ನೂವಾಗ ನಾ ಕುಬಸದ ಬಟ್ಟಿ ತರಾಕ ರಬಕವಿಗೆ ಹೋಗಿದ್ದೆ. ಅಲ್ಲೊಬ್ಬಾಕಿ ಗುರುತಿನಾಕಿ ಸಿಕ್ಕಳು, ಚಾ ಕುಡಿ ಅಂದಳು, ಹೊತ್ತಾತು. ಮನಿಗೆ ಬಂದಾಗ ಮಗಳಿಗೆ ಎರದು ಆಗಿತ್ತು. ಮಗು ಮಲಗಿತ್ತು. ಮನಿತುಂಬ ಲೋಬಾನದ ವಾಸನಿ. ಸೊಸಿ ಮಾರಿ ಕೆಂಪಗಾಗಿ, ಸೆರಗಿಲೇ ಗಾಳಿ ಹಾಕೋತ ಕುಂತಿದ್ದಳು. ಛಲೋ ಮಾಡೀದಿ ಅಂತ ನಾನ ಅಂದೆ. ಆಮ್ಯಾಲೆ ಕಾಲ ತೊಳಕೊಳ್ಳಾಕ ಹಿತ್ತಲಕ್ಕ ಹೋದೆ.

ಗೋಡಿ ಮ್ಯಾಲೆ ಕುಳ್ಳ ಇರಲಿಲ್ಲ. ಕಿತ್ತ ಜಾಗಾದಾಗ ದುಂಡದುಂಡಗ ಕಲಿ ಉಳದಿದ್ವು.

"ಏನವಾ, ಗೋಡ್ಯಾಗಿನ ಕುಳ್ಳ ಎಲ್ಲಿ?"

"ಒಲೀಗೆ ಹಾಕಿದ್ನಿರಿ. ಕಟಗಿ ಮುಗದಿತ್ತು. ನೀವ ಅಂದಿದ್ದಿರಿ ಕುಳ್ಳಿನ ಬೆಂಕೀನ ಆಗಬೇಕಂತ."

"ಎಲ್ಲಾ ಹಾಕಿದಿ?"

"ಎಲ್ಲಾ ಹಾಕೀನ್ರಿ. ಛಲೋ ಒಣಗಿದ್ವು. ಒಂದ್ರಾಗ ಏನಿತ್ತೋ ಏನೋ, ಪಟಪಟ ಸಿಡೀತ್ರಿ. ಒಲ್ಯಾಗ ಉಪ್ಪ ಬಿತ್ತೇನೋ ಅಂತ ನಾ ಹಿಂದಕ ಸರದೆ."

ನಾ ಬಚ್ಚಲಕ್ಕ ಹೋಗಿ ಒಲಿ ಮುಂದ ಕುಂತೆ. ಸೌಟಿಲೇ ಬೂದಿ ಕೆದರಿದೆ. ಕೆಂಡ ಇನ್ನೂ ಇದ್ವು. ಕರೀ ಸಿಪ್ಪಿ ನಾಕ ಸಿಕ್ಕವು, ಹಿಚಕಿದ್ರ ಪುಡಿ ಆದವು. ಸೊಸಿ ಹಿಂದ ಬಂದು ನಿಂತಳು.

"ಏನ ಹುಡಕಾಕತ್ತೀರ್ರಿ ಅತ್ತೀ? ಬಂಗಾರ ಇಟ್ಟಿದ್ದಿರೇನು?"

ಚಾಷ್ಟಿಗೆ ಅಂದಳು ಪಾಪ. ನಾ ತಿರುಗಿ ಬೈಬೇಕಂತ ಬಾಯಿ ತಗದೆ. ಏನಂತ ಬಯ್ಯೂದು? ಬೀಜ ಐತಿ ಅಂತ ನಾ ಹೇಳಿಲ್ಲ. ಕುಳ್ಳ ಸುಡು ಅಂತ ಹೇಳಿದಾಕಿ ನಾನ. ಇಂಥಾ ಬಿಸಲಾಗ ಒಲಿ ಮುಂದ ಕುಂತು ಬೆಂದಾಕಿ ಆಕಿ. ಬೆಂಕಿ ಹಾಕಿದ್ದು ನನ್ನ ಮಗಳಿಗೆ, ನನ್ನ ಮೊಮ್ಮಗಳಿಗೆ.

"ಅಕ್ಕನ ಸವತಿ ಬೀಜ ಇದ್ವು ಅದರಾಗ" ಅಂದೆ.

ಆಕಿ ಬಾಯಿ ಮ್ಯಾಲೆ ಕೈ ಇಟಗೊಂಡಳು. ಆಮ್ಯಾಲೆ ಸಿಟ್ಟು ಬಂತು ಆಕಿಗೆ. ಅದು ಸರಿನ. "ಮತ್ತ ಹೇಳಬಾರದೇನ್ರಿ? ನಾ ಏನ ಹೊರಗಿನಾಕೀನ? ಈ ಮನಿಗೆ ಬಂದು ಹನ್ನೆರಡ ವರ್ಷ ಆತು. ಹಿತ್ತಲಕ್ಕ ನೀರ ಹೊತ್ತ ಹಾಕೋ ಮುಂದ ನಾ ಬೇಕು, ಬೀಜ ಎಲ್ಲಿ ಅದಾವ ಅಂತ ಹೇಳಾಕ ನಾ ಬ್ಯಾಡ?"

ಮಗಳು ಒಳಗಿಂದ ಕೂಗಿದಳು, "ಏನಾತಬೇ ಅವ್ವಾ? ಕೂಸ ಎಚ್ಚರ ಆಗತೈತಿ, ಸಾವಕಾಶ ಮಾತಾಡ್ರಿ."

ಅವತ್ತ ಸಂಜೀಕ ನಾ ಬಳ್ಳಿ ನೋಡಿದೆ. ಬೀಜದ ಕಾಯಿಗೆ ಜೀವ ಎಲ್ಲಾ ಕೊಟ್ಟು ಬಳ್ಳಿ ಬುಡದಿಂದ ಹಳದಿ ಆಗಿತ್ತು, ಉಳದ ಹೀಚ ಉದರಿದ್ವು. ಬಾಣಂತನದ ಗದ್ದಲದಾಗ ಗಡಗಿಗೆ ನೀರ ತುಂಬಿದ್ದೂ ಹೆಚ್ಚು ಕಡಿಮಿ ಆಗಿತ್ತು. ತುದ್ಯಾಗ ಒಂದ ಸಣ್ಣ ಕಾಯಿ ಜೋತ ಬಿದ್ದಿತ್ತು. ಅದಕ್ಕ ಎರಡ ಸೀರಿ ಕಟ್ಟಿದೆ. ದಿನಾ ಎರಡ ಸಲ ನೀರ ಹಾಕಿದೆ. ಸೊಸಿ ತಾನ ಹೋಗಿ ನಗರಸಭೆ ಟ್ಯಾಂಕರದ ನೀರ ಹಿಡಕೊಂಡ ಬಂದು ಸುರುವಿದಳು. ತೊಟ್ಟಿಲ ಮುಗದು ಎಷ್ಟೋ ದಿನ ಆದರೂ ಕಾಯಿ ಬಲೀಲಿಲ್ಲ, ಸುಕ್ಕಿತು. ಕೊಯ್ದು ನೋಡಿದ್ರ ಬೀಜ ಎಲ್ಲಾ ಜೊಳ್ಳು, ಕಾಗದದಂಗ. ಆದರೂ ಬಿತ್ತಿದೆ. ಹುಟ್ಟಲಿಲ್ಲ.

ಅದು ಆಮ್ಯಾಲಿಂದು. ತೊಟ್ಟಿಲ ದಿನ ಅಕ್ಕ ಮುಂಜಾನಿ ಬಸ್ಸಿಗೆ ಬಂದಳು. ಕೂಸಿಗೆ ಬೆಳ್ಳಿ ಕಡಗ ತಂದಿದ್ದಳು, ಮಗಳಿಗೆ ಕುಬಸ. ಕೂಸಿನ ನೋಡಿ, "ಅಜ್ಜೀದ ಮೂಗ ಬಂದೈತಿ, ಪಾಪ, ಲಗ್ನಾ ಮಾಡೂದು ಕಠಿಣ ಐತಿ" ಅಂದಳು. ಮಂದಿ ನಕ್ಕರು. ಆಮ್ಯಾಲೆ ನನ್ನ ರಟ್ಟಿ ಹಿಡದು ಹಿತ್ತಲಕ್ಕ ಕರಕೊಂಡ ಹೋದಳು. ಚೀಲದಾಗಿಂದ ಸ್ಟೀಲಿನ ಡಬ್ಬಿ ತಗದಳು. ತೊಳದು ಒರಸಿ, ತಳಕ್ಕ ಬೂದಿ ಹಾಸಿ ತಂದಿದ್ದಳು.

"ಎಲ್ಲೈತಿ?" ಅಂದಳು, ಪಿಸಪಿಸ. ಅಷ್ಟ ಮಂದಿ ಇದ್ದರು ಮನ್ಯಾಗ, ಯಾರೂ ಕೇಳಬಾರದು.

ನಾ ಗೋಡಿ ತೋರಿಸಿ ಎಲ್ಲಾ ಹೇಳಿದೆ. ಸುತ್ತಿ ಬಳಸಿ ಹೇಳಾಕ ನನಗ ಬರೂದಿಲ್ಲ. ಸುಟ್ಟ ಹೋತು ಅಂದೆ. ಒಂದ ಬೀಜಾನೂ ಉಳದಿಲ್ಲ, ತುದಿ ಕಾಯಿ ಬಲಿಯೂ ಲಕ್ಷಣ ಇಲ್ಲ ಅಂದೆ.

ಅಕ್ಕ ಗೋಡಿ ಮ್ಯಾಲಿನ ಕಲಿ ನೋಡಿದಳು. ಕೈ ಇಟ್ಟು ನೋಡಿದಳು. ಒಳಗ ಹೆಂಗಸರು ತೊಟ್ಟಿಲ ಪದಾ ಎತ್ತಿದ್ದರು.

"ಆಕಿಗೆ ಹೇಳಬೇಕಿತ್ತು" ಅಂದಳು.

"ಅವ್ವ ಹೇಳಬಾರದು ಅಂತಿದ್ದಳಲ್ಲಕ್ಕಾ."

"ಅವ್ವ ಸತ್ತು ಎಷ್ಟ ವರ್ಷ ಆತು?"

ಅಲ್ಲಿಗೆ ಸುಮ್ಮ ಇದ್ದರ ಆಗತಿತ್ತು. ನಾ ಸುಮ್ಮ ಇರಲಿಲ್ಲ. "ನೀ ನಿನ್ನ ಮಗಗ ಹೇಳಿದ್ದೇನು, ಬೂದ್ಯಾಗ ಬೀಜ ಐತಿ ಅಂತ? ಹೇಳಿದ್ರ ಚೆಲ್ಲತಿದ್ದನೇನು?" ಅಂದುಬಿಟ್ಟೆ.

ಅಕ್ಕ ನನ್ನ ಮಾರಿ ನೋಡಿದಳು. ಬೈತಾಳ ಅಂತ ಮಾಡಿದ್ದೆ. ಬೈದಿದ್ದರ ಛಲೋ ಇತ್ತು. ನಾವು ಸಣ್ಣಾವರಿದ್ದಾಗಿಂದ ಬೈದಾಡಿಕೋತ ಬಂದಾವರು, ಬೈದು ಉಂಡು ಎದ್ದರ ಮುಗೀತಿತ್ತು. ಆಕಿ "ಖರೆ ಐತಿ" ಅಂತ ಅಷ್ಟ ಅಂದಳು. ಡಬ್ಬಿ ಮುಚ್ಚಿದಳು. ಒಳಗ ಹೋಗಿ ಹೆಂಗಸರ ನಡುವ ಕುಂತು ಪದಾ ಹಾಡಿದಳು, ಕೂಸಿನ ಕಿವ್ಯಾಗ ಹೆಸರ ಕೂಗಿದಳು, ಹೋಳಿಗಿ ಉಂಡಳು, ಎರಡ ಸಲ ತುಪ್ಪ ಹಾಕಿಸಿಕೊಂಡಳು. ನನ್ನ ಸೊಸಿ ಅಳಕೋತ ಕಾಲ ಮುಟ್ಟಿದ್ರ, "ಹುಚ್ಚಿ, ಕುಳ್ಳ ಅಂದ ಮ್ಯಾಲೆ ಸುಡಾಕ ಇರೂದು. ಕೂಸ ಬೆಚ್ಚಗ ಆತಿಲ್ಲ?" ಅಂದಳು. ಹೋಗೂ ಮುಂದ ಆ ಡಬ್ಬ್ಯಾಗಿನ ಬೂದಿ ಝಾಡಿಸಿ, ತೊಳದು, ಸೊಸಿ ಬಾಣಂತಿಗೆ ಮಾಡಿದ ಅಂಟಿನುಂಡಿ ತುಂಬಿ ಕೊಟ್ಟಳು. ಅಕ್ಕ ತಗೊಂಡು ಬಸ್ ಹತ್ತಿದಳು.

ನಾ ಸುಮ್ಮ ಕೂಡಲಿಲ್ಲ. ಎಲ್ಲಾ ಕಡೆ ಕೇಳಿದೆ. ನಮ್ಮ ತವರಿನ ಮಂದಿ, ಡ್ಯಾಮಿನ ಹಿನ್ನೀರಾಗ ಊರ ಮುಳಗಿದ ಮ್ಯಾಲೆ, ಒಬ್ಬರು ಒಂದೊಂದ ದಿಕ್ಕಿಗೆ ಆಗ್ಯಾರ. ಬಾಡಗಂಡ್ಯಾಗ ನಮ್ಮ ದೊಡ್ಡಪ್ಪನ ಸೊಸಿ ಅದಾಳ, ಆಕಿ ಹಿತ್ತಲದಾಗ ಗಿಡ್ಡ ಸವತಿ ಐತಿ ಅಂತ ಯಾರೋ ಹೇಳಿದರು. ಮಗನ ಗಾಡಿ ಮ್ಯಾಲೆ ಕುಂತು ಹೋದೆ, ಬೆನ್ನ ಮುರದಂಗಾತು. ಕಾಯಿ ನೋಡಿದೆ. ಅದ ಹೊಟ್ಟಿ, ಅದ ಗೀರು. ಅಲ್ಲೇ ತೊಟ್ಟಿನ ಕಡೆಯಿಂದ ಕಡದೆ. ಕಹಿ. ಬಾಯಿ ತೊಳಕೊಂಡರೂ ಹೋಗಲಿಲ್ಲ.

ದೊಡ್ಡಪ್ಪನ ಸೊಸಿ ಅಂದಳು, "ಮೊದಲ ಹಿಂಗಿರಲಿಲ್ಲ ಯಕ್ಕಾ. ಬಾಜೂ ಮನಿಯವರು ಅಂಗಡಿ ಬೀಜ ಹಾಕಿದ ಮ್ಯಾಲೆ ಬೆರತ ಹೋತು."

ಆದರೂ ಒಂದ ಹಣ್ಣ ಬೇಡಿಕೊಂಡ ಬಂದೆ. ಅಕ್ಕಗ ಫೋನ್ ಮಾಡಿ ಹೇಳಿದ್ರ, "ಕಹೀದು ನನಗ್ಯಾಕಬೇ? ಇಲ್ಲೇ ಸಂತ್ಯಾಗ ಸಿಗತಾವ" ಅಂದಳು. ಜಮಖಂಡಿ ಅಂಗಡ್ಯಾಗಿನ ಪಾಕೀಟ ಬೀಜ ಕಳಸಲೇನು ಅಂದೆ. ಬ್ಯಾಡ ಅಂದಳು.

ಮುಂಗಾರಿ ಮಿರಗದ ಮಳಿ ಬಿದ್ದ ಮ್ಯಾಲೆ ಮುಧೋಳಕ್ಕ ಹೋಗಿದ್ದೆ. ಅಕ್ಕನ ನೆಲಾ ಛಲೋ ಇತ್ತು. ಗರಸ ಮಣ್ಣಿಗೆ ಗೊಬ್ಬರ ಕೂಡಿ ಕಪ್ಪಗಾಗಿತ್ತು. ಜಾಲಿ ಗೂಟದ ಹಂದರ ಗಟ್ಟಿ ನಿಂತಿತ್ತು, ಆನಿ ಕಟ್ಟಬಹುದು. ಅದರ ಮ್ಯಾಲೆ ಅಕ್ಕನ ಸೊಸಿ ತುಪ್ಪರಿಕಾಯಿ ಬಳ್ಳಿ ಹಬ್ಬಿಸಿದ್ದಳು. ಉಳದ ಅರ್ಧದಾಗ ಚಾದರ ಒಣಗ ಹಾಕಿದ್ದರು. ಅಕ್ಕ ಒಳಗ ಟಿವಿ ಮುಂದ ಕುಂತಿದ್ದಳು.

"ಹಿತ್ತಲಕ್ಕ ಬರೂದಿಲ್ಲೇನು?" ಅಂದೆ.

"ಮೊಣಕಾಲ ನೋವು. ಆಕಿ ಮಾಡಕೋತಾಳ ಬಿಡು. ತುಪ್ಪರಿ ಛಲೋ ಬಂದಾವ, ಹೋಗೂವಾಗ ಎರಡ ಒಯ್ಯಿ."

ಒಯ್ದೆ. ಪಲ್ಯ ಮಾಡಿದೆ. ರುಚಿ ಇತ್ತು, ಸುಳ್ಳ ಯಾಕ ಹೇಳಲಿ.

ಬೀಜ ಹೋದದ್ದಕ್ಕ ನನಗ ಸಂಕಟ ಐತಿ. ಆದ್ರ ಅದಕ್ಕಿಂತ ಹೆಚ್ಚಿಂದು ನಾ ಆ ಗೋಡಿ ಮುಂದ ಆಡಿದ ಮಾತಿಂದು. ಮಾತು ಖರೇನ ಇತ್ತು. ಖರೆ ಇದ್ದದ್ದಕ್ಕ ಹೆಚ್ಚ ನಾಟಿತು. ಮಗ ಚೆಲ್ಲಿದ ಅಂತ ಹೇಳಿಕೋತ ಆಕಿ ಮನಸಿಗೆ ಸಮಾಧಾನ ಮಾಡಿಕೊಂಡಿದ್ದಳು, ನಾ ಅದನ್ನೂ ಕಸಗೊಂಡೆ. ಒಮ್ಮೆ ಫೋನಿನ್ಯಾಗ ತಪ್ಪಾತಕ್ಕಾ ಅಂತ ಅಂದೆ. "ಯಾವುದರ ಸುದ್ದಿ?" ಅಂದಳು. ಗೊತ್ತಿದ್ದೂ ಕೇಳಿದಳು. ನಾ ಊಟ ಆತೇನಂತ ಕೇಳಿದೆ.

ಈಗ ಬೀಜದ ಸುದ್ದಿ ಸೊಸಿಗೆ ಬಾಯಿ ತುಂಬ ಹೇಳತೀನಿ. ಹೀರಿ ಬೀಜ ಇಲ್ಲಿ, ಪುಂಡಿ ಬೀಜ ಅಲ್ಲಿ, ಬದನಿ ಈ ಡಬ್ಬ್ಯಾಗ. ಆಕಿಗೆ ಸಾಕಾಗೈತಿ. "ಗೊತ್ತೈತ್ರಿ ಅತ್ತೀ, ನಿನ್ನೆನೂ ಹೇಳೀರಿ" ಅಂತಾಳ. ಅವೆಲ್ಲಾ ಎಲ್ಲಿ ಬೇಕಾದರೂ ಸಿಗೂ ಬೀಜ. ಹೇಳಿದ್ರೇನು, ಬಿಟ್ಟರೇನು.

ಮತ್ತ ಬ್ಯಾಸಗಿ ಬಂದೈತಿ. ರವದಿ ಇಳಸಿಕೊಂಡೀನಿ. ಗಡಗಿ ಹುಗೀಲಿಲ್ಲ. ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಮೊಣಕಾಲಿಂದು ಹೇಳಿದಳು, ಸಕ್ಕರಿ ಗುಳಿಗಿ ಬದಲ ಮಾಡ್ಯಾರಂತ ಹೇಳಿದಳು, ನಾ ನನ್ನ ಕಣ್ಣಿಂದು ಹೇಳಿದೆ. ಬಿಸಲ ಬಾಳ ಅಂದಳು. ಹೌದು, ಬಾಳ ಅಂದೆ.

"ಏನ ಹಾಕಿದಿ ಹಿತ್ತಲದಾಗ?"

"ಬೆಂಡಿ."

"ಇಲ್ಲೂ ಬೆಂಡೀನ ಹಾಕ್ಯಾರ."

ಆಕಿ ಕಡೆ ಟಿವಿ ಸಪ್ಪಳ ಕೇಳತಿತ್ತು.

"ಫೋನ್ ಇಡಲೇನು?" ಅಂದಳು.

"ಇಡಕ್ಕಾ" ಅಂದೆ.